ಏಳನೇ ಅಧ್ಯಾಯದ ಸಾಕ್ಷಿ

ನನ್ನ ಬಲಗೈ ಕಾಗದ ಕತ್ತರಿಸುವ ಯಂತ್ರದೊಳಗಿತ್ತು.

ಮೇಲಿನ ಚಕ್ರ ತಿರುಗಿದಂತೆಲ್ಲ ಒತ್ತುಹಲಗೆ ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು. ಅದರ ಪಕ್ಕದಲ್ಲೇ ಅಲಗು. ಐನೂರು ಹಾಳೆಯನ್ನು ಒಂದೇ ಏಟಿಗೆ ಸೀಳುವ ಅಲಗು!

"ಸಾಕ್ಷಿ ಯಾರೋ?" ಎಂದ ಗೂಳಿ. ಅದು ಅವನ ಹೆಸರಲ್ಲ, ಆಕಾರ.

"ಗೊತ್ತಿಲ್ಲ ಕಣೋ!"

"ಎಂಟನೇ ಅಧ್ಯಾಯ ಎಲ್ಲಿ?"

"ಅಮ್ಮನಾಣೆ ಗೊತ್ತಿಲ್ಲ!"

ಗೂಳಿ ಕಾಗದದ ರಾಶಿಯ ಮೇಲೆ ಕುಳಿತಿದ್ದವನತ್ತ ನೋಡಿದ. ಕಪ್ಪು ಕನ್ನಡಕ, ಬಿಳಿ ಬೂಟು. ಜನ 'ಜುಬಿಲಿ' ಎಂದು ಕರೆಯುವ ಹೀರೋ. ಅವನ ಚಿತ್ರ ಇಪ್ಪತ್ತೈದು ವಾರಕ್ಕೆ ಮೊದಲು ಥಿಯೇಟರ್ ಬಿಟ್ಟದ್ದಿಲ್ಲ.

"ಕಟ್," ಎಂದ. ಡೈರೆಕ್ಟರ್ ಹೇಳುವ ಮಾತನ್ನು ಅವನೇ ಹೇಳಿದ್ದು ಅದೇ ಮೊದಲಿರಬೇಕು.

ಇನ್ಸ್‌ಪೆಕ್ಟರ್, ನಾನಲ್ಲಿ ಯಾಕಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ. ನಾನು ಖಾಸಗಿ ಪತ್ತೇದಾರ. ಪ್ರೆಸ್ಸಿನ ಕಾವಲಿಗೆ ನನ್ನನ್ನು ಗೊತ್ತು ಮಾಡಿದ್ದು ಸೋದರತ್ತೆ. ಸಿನಿಮಾದವರೆಲ್ಲ ಅವರನ್ನು ಕರೆಯುವುದೇ ಹಾಗೆ. ಯಾರ ಮನೆಯ ಬಾಗಿಲು ಯಾವಾಗ ತೆರೆಯಿತು ಎನ್ನುವುದು ಅತ್ತೆಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ನಲವತ್ತು ವರ್ಷ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ತಾರೆಯರ ಗುಸುಗುಸು ಬರೆದವರು. ಜಾಹೀರಾತು ಕೈಕೊಟ್ಟು ಖಾಲಿ ಉಳಿದ ಜಾಗ ತುಂಬಲು ಹುಟ್ಟಿದ ಅಂಕಣ ಅದು. ಮೊದಮೊದಲು ಸ್ಟುಡಿಯೋದವರೇ ಟೈಪ್ ಮಾಡಿ ಕಳಿಸಿದ ಹೊಗಳಿಕೆ. ಆಮೇಲೆ ಮೇಕಪ್‌ನವರು, ಡ್ರೈವರ್‌ಗಳು ತಂದ ಸುದ್ದಿ. ಮಾನನಷ್ಟದ ಕೇಸು ಬೀಳತೊಡಗಿದ ಮೇಲೆ ಹೆಸರಿಲ್ಲದ ಐಟಂ… 'ಎತ್ತರದ ನಟ', 'ಗುಳಿಕೆನ್ನೆಯ ನಟಿ'. ಹೆಸರು ತೆಗೆದ ವಾರವೇ ಮಾರಾಟ ದುಪ್ಪಟ್ಟಾಯಿತಂತೆ! ಆ ಅಂಕಣದ ಚರಿತ್ರೆಯೇ ಈಗ ಪುಸ್ತಕವಾಗಿ ಅಚ್ಚಾಗುತ್ತಿತ್ತು.

ಏಳನೇ ಅಧ್ಯಾಯದ ಕೊನೆಯಲ್ಲಿ ಮಾತ್ರ ಗುಸುಗುಸು ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ಸಿನಿಮಾದವರ ಪಾರ್ಟಿಯೊಂದರ ಹೊರಗೆ, ಅತ್ತೆಯ ತಮ್ಮ ಕಾರಿನಡಿ ಸತ್ತಿದ್ದ. ಪತ್ರಿಕೆಯ ಫೋಟೋಗ್ರಾಫರ್. ಓಡಿಸಿದವನು ಸಿಗಲಿಲ್ಲ. 'ಕಂಡವರಿದ್ದಾರೆ,' ಎಂದು ಅತ್ತೆ ಬರೆದಿದ್ದರು. 'ಓಡಿಸಿದವನು ಒಬ್ಬ ನಟ. ಹೆಸರು ಮುಂದಿನ ಅಧ್ಯಾಯದಲ್ಲಿ.'

ಅದನ್ನೇ ಹುಡುಕಿಕೊಂಡು ಇವರಿಬ್ಬರು ಹಾಡಹಗಲೇ ಬಂದಿದ್ದರು. ಊಟದ ಹೊತ್ತು. ಪ್ರೆಸ್ಸಿನಲ್ಲಿ ನಾನೊಬ್ಬನೇ.

ಅಲಗಿನ ಹಿಡಿಕೆಗೆ ಕೈಹಾಕಲು ಗೂಳಿ ಚಕ್ರ ಬಿಟ್ಟ.

ಅಷ್ಟೇ ಸಾಕಿತ್ತು! ಎಡಗೈಯಿಂದ ಚಕ್ರವನ್ನು ಹಿಂದಕ್ಕೆ ತಿರುವಿದೆ. ಕೈ ಎಳೆದುಕೊಂಡೆ. ಅಲಗು ಇಳಿಯಿತು… ಧಡ್! ಕಿರುಬೆರಳಿನ ತುದಿ ಅಲ್ಲೇ ಉಳಿಯಿತು.

ನೋವು ಆಮೇಲೆ ಬರುತ್ತದೆ. ಮೊದಲು ಬರುವುದು ಸಿಟ್ಟು.

ಹಣೆಯಿಂದ ಅವನ ಮೂಗಿಗೆ ಗುದ್ದಿದೆ. ಮೂಳೆ ಲಟಕ್ ಎಂದಿತು. ಅವನ ಮುಷ್ಟಿ ನನ್ನ ಪಕ್ಕೆಗೆ ಬಿತ್ತು… ಎರಡು ಎಲುಬು ಹೋದವು. ಕಾಗದದ ದೊಡ್ಡ ರೀಲುಗಳ ನಡುವೆ ಓಡಿದೆ. ಬೆನ್ನಿಗೇ ಬಂದ. ಒಂದು ರೀಲಿನ ಕೆಳಗಿದ್ದ ಮರದ ಬೆಣೆಯನ್ನು ಒದ್ದೆ. ನಾನೂರು ಕೆಜಿ ಕಾಗದ ಇಳಿಜಾರಿನಲ್ಲಿ ಉರುಳಿತು. ಅವಸರವೇನೂ ಇಲ್ಲದೆ ಗೂಳಿಯ ಎರಡೂ ಮೊಣಕಾಲುಗಳ ಮೇಲೆ ಹಾದುಹೋಯಿತು.

ಅವನ ಕೂಗು ಇನ್ನೂ ಕಿವಿಯಲ್ಲಿದೆ.

"ಸಾಕು!" ಜುಬಿಲಿಯ ದನಿ.

ತಿರುಗಿದೆ. ಅವನ ಕೈಯಲ್ಲಿ ಪಿಸ್ತೂಲು. ಅದರ ತುದಿಯಲ್ಲಿ, ಆಗತಾನೇ ಒಳಗೆ ಬಂದ ಸೋದರತ್ತೆಯ ಹಣೆ.

"ಬಂದ್ಯಾ ಮಗನೇ," ಎಂದರು ಅತ್ತೆ. "ದಪ್ಪಗಾಗಿದ್ದೀಯ."

"ಸಾಕ್ಷಿ ಯಾರು, ಹೇಳಿ!"

"ರಸ್ತೆ ಪಕ್ಕ ನಿಂತಿದ್ರಪ್ಪ. ಎಲ್ಲ ನೋಡಿದಾರೆ."

"ಸುಳ್ಳು!" ಜುಬಿಲಿ ಕಿರುಚಿದ. "ಯಾರೂ ಇರ್ಲಿಲ್ಲ! ನಾನೇ ಕಾರಿಂದ ಇಳಿದು ಎರಡೂ ಕಡೆ ನೋಡಿದ್ದೆ. ಅವನು ಕ್ಯಾಮೆರಾ ಅಪ್ಕೊಂಡು 'ಅಣ್ಣಾ, ನೀರು' ಅಂತಿದ್ದ… ಮತ್ತೆ ರಿವರ್ಸ್ ತಗೊಂಡೆ. ಆ ರಸ್ತೇಲಿ ಒಂದು ನಾಯೀನೂ ಇರ್ಲಿಲ್ಲ!"

ಅತ್ತೆ ಕಣ್ಣು ಮುಚ್ಚಿದರು.

"ನೀರು ಕೇಳಿದ್ನಾ…"

ಶಾಯಿಯ ಡಬ್ಬವನ್ನು ಎತ್ತಿ ಜುಬಿಲಿಯ ಕೆನ್ನೆಗೆ ಬೀಸಿದೆ. ಗುಂಡು ಚಾವಣಿಗೆ ಹಾರಿತು. ಕೆಳಗೆ ಬಿದ್ದ ಪಿಸ್ತೂಲನ್ನು ದೂರ ಒದ್ದೆ. ಇಪ್ಪತ್ತೈದು ವಾರ ಓಡುವ ಆ ಮುಖಕ್ಕೆ ಐದು ಹೊಡೆತ ಹಾಕಿದೆ. ಆರನೆಯದನ್ನು ಅತ್ತೆ ತಡೆದರು.

"ಸಾಯಿಸ್ಬೇಡ. ಕೋರ್ಟಲ್ಲಿ ಅವನು ಬಾಯಿ ಬಿಡ್ಬೇಕು."

"ಸರಿ, ನಿಮ್ಮ ಸಾಕ್ಷೀನ ಕರೆಸಿ ಅತ್ತೆ."

"ಎಲ್ಲಿಯ ಸಾಕ್ಷಿ? ನಂಗೇನೂ ಗೊತ್ತಿರ್ಲಿಲ್ಲ ಕಣೋ. ಅವತ್ತು ಪಾರ್ಟೀಲಿದ್ದ ನಟರು ಮೂರೇ ಜನ. ಮೂವರಿಗೂ ಏಳನೇ ಅಧ್ಯಾಯದ ಪ್ರೂಫ್ ಕಳಿಸ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಯಾರು ಹೆಗಲು ಮುಟ್ಕೋತಾರೆ ನೋಡೋಣ ಅಂತ. ನಲವತ್ತು ವರ್ಷ ನನ್ನ ಅಂಕಣ ನಡೆದಿದ್ದೇ ಹಾಗೆ."

"ನನಗೊಂದು ಮಾತು ಹೇಳ್ಬಹುದಿತ್ತಲ್ಲ! ಬೆರಳು ಹೋಯ್ತು!"

"ಹೇಳಿದ್ರೆ ನೀನು ಅವರ ಮುಂದೆ ಕಕ್ಕಿಬಿಡ್ತಿದ್ದೆ."

ನಿಜ. ಕಕ್ಕಿಬಿಡುತ್ತಿದ್ದೆ.

ಕರವಸ್ತ್ರವನ್ನು ಬೆರಳಿಗೆ ಬಿಗಿದೆ. "ಉಳಿದಿಬ್ಬರು ಏನಂದ್ರು?"

"ಒಬ್ಬ ಓದ್ಲೇ ಇಲ್ಲ. ಇನ್ನೊಬ್ಬ ಫೋನ್ ಮಾಡಿದ್ದ. 'ಶುಕ್ರವಾರ ನನ್ನ ಪಿಕ್ಚರ್ ರಿಲೀಸು ಅತ್ತೆ… ಆ ಕೊಲೆಗಾರ ನಾನೇ ಇರಬಹುದು ಅನ್ನೋ ಥರ ಒಂದು ಸಾಲು ಸೇರಿಸ್ತೀರಾ?' ಅಂದ."