ನೆರಳು ಬಿದ್ದ ಪಚ್ಚೆ

ಹಳೆಯ ಪಚ್ಚೆ ಸರದ ಬೆಲೆ ಹದಿನಾಲ್ಕು ಲಕ್ಷ. ಅದರ ಜಲವರ್ಣ ಚಿತ್ರಕ್ಕೆ ಕೊಟ್ಟದ್ದು ಆರು ಸಾವಿರ. ಈಗ ಠಾಣೆಯ ಮೇಜಿನ ಮೇಲಿದ್ದ ನಕಲಿ ಸರಕ್ಕೆ ಮೂರು ಸಾವಿರ ಬಂದರೆ ಹೆಚ್ಚು ಎಂದು ಅಕ್ಕಸಾಲಿಗ ಹೇಳಿ ಕಳಿಸಿದ್ದ.

ದೂರು ತಂದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಸರದ ಕೊಂಡಿ ಸರಿಮಾಡಿಸಲು ಹೋದಾಗ ಗುಟ್ಟು ರಟ್ಟಾಗಿತ್ತು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಇನ್ಯಾರು? ಸರದ ಚಿತ್ರ ಬರೆದವಳೇ. ಅಮ್ಮ ಇದ್ದಾಗ ಬರೆಸಿದ್ದು. ನಾಲ್ಕು ದಿನ ಸರ ಅವಳ ಮನೇಲೇ ಇತ್ತು."

ಬೆಳಿಗ್ಗೆ ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಲಾವಿದೆ ಬಂದಳು, ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣ. ವಸ್ತುಸಂಗ್ರಹಾಲಯದ ಒಡವೆಗಳನ್ನು ಚಿತ್ರಿಸುವ ಕೆಲಸ ಕೈಗೆ ಬರುವುದರಲ್ಲಿತ್ತು. ಕಳ್ಳಿ ಎನಿಸಿಕೊಂಡರೆ ಇನ್ನಾರೂ ಅವಳನ್ನು ನಂಬಿ ಒಡವೆ ಕೊಡುವುದಿಲ್ಲ.

ಇನ್ಸ್‌ಪೆಕ್ಟರ್ ನಕಲಿ ಸರ ಮುಂದಿಟ್ಟರು. "ಪದಕದಲ್ಲಿ ಈ ಎಡಗಡೆ ಕಲ್ಲೊಂದೇ ಯಾಕೆ ಕಪ್ಪು?"

ಅವಳು ಅದನ್ನು ಕಿಟಕಿಗೆ ಹಿಡಿದು ನೋಡಿ ನಕ್ಕುಬಿಟ್ಟಳು.

"ಠಾಣೇಲಿ ನಗೋರು ಕಡಿಮೆ ಕಣಮ್ಮ," ಎಂದ ಹೆಡ್ ಕಾನ್ಸ್‌ಟೇಬಲ್.

"ಅಸಲಿನಲ್ಲಿ ಎಲ್ಲ ಪಚ್ಚೆನೂ ಒಂದೇ ಬಣ್ಣ ಸಾರ್. ನಾನು ಬರೆಯೋವಾಗ ಬೆಳಕು ಬಲಗಡೆಯಿಂದ ಬರ್ತಿತ್ತು. ನಡುವಿನ ಉಬ್ಬು ಹೂವಿನ ನೆರಳು ಈ ಕಲ್ಲಿನ ಮೇಲೆ ಬಿತ್ತು, ಅದಕ್ಕೇ ಅಲ್ಲಿ ಇನ್ನೊಂದು ಪದರ ಹಸಿರು ಹಚ್ಚಿದೆ. ಮಾಡಿದವನು ಪಾಪ, ನೆರಳನ್ನೂ ಕಲ್ಲಿನ ಬಣ್ಣ ಅಂದ್ಕೊಂಡಿದ್ದಾನೆ. ಇದು ಸರದ ನಕಲಲ್ಲ, ನನ್ನ ಚಿತ್ರದ ನಕಲು."

ಸರವನ್ನೇ ಕೈಯಲ್ಲಿಟ್ಟುಕೊಂಡವಳು ಚಿತ್ರ ತೋರಿಸಿ ನಕಲು ಮಾಡಿಸಬೇಕಿರಲಿಲ್ಲ. ಇನ್ಸ್‌ಪೆಕ್ಟರ್ ಅಲ್ಲೇ ಕೂತಿದ್ದ ದೂರುದಾರರತ್ತ ತಿರುಗಿದರು.

"ಚಿತ್ರ ಈಗ ಎಲ್ಲಿದೆ?"

"ತಂಗಿ ಮನೇಲಿ."

"ನಿಮ್ಮ ಬೀರುವಿನ ಬೀಗದ ಕೈ?"

"ನನಗೆ ಆಪರೇಷನ್ ಆದಾಗ ಅವಳ ಹತ್ರಾನೇ ಇತ್ತು."

ಸಂಜೆ ತಂಗಿಯ ಮನೆಯಲ್ಲಿ ಪಂಚನಾಮೆ ನಡೆಯಿತು. ಇನ್ಸ್‌ಪೆಕ್ಟರ್ ಗೋಡೆಯ ಚಿತ್ರದ ಪಕ್ಕಕ್ಕೆ ನಕಲಿ ಸರ ಹಿಡಿದರು. ಎರಡರಲ್ಲೂ ಎಡಗಡೆ ಪಚ್ಚೆ ಕಪ್ಪು. ತಂಗಿ ವಾದಿಸಲಿಲ್ಲ, ಹೊಲಿಗೆ ಡಬ್ಬದಿಂದ ಅಸಲಿ ಸರ ತೆಗೆದಿಟ್ಟಳು.

"ಮಾರಲಿಲ್ವಾ?"

"ಮಾರೋಕಲ್ಲ ಸಾರ್. ಅಮ್ಮ ಹಾಸಿಗೆ ಹಿಡಿದಾಗ ಮೈ ತೊಳೆದಿದ್ದು ನಾನು. ಪಾಲು ಮಾಡಿದಾಗ ಅಕ್ಕನಿಗೆ ಸರ, ನನಗೆ ಅದರ ಚಿತ್ರ. ಬಾಗಿಲು ಹಾಕ್ಕೊಂಡು ಒಂದಿಷ್ಟು ಹೊತ್ತು ಕೊರಳಿಗೆ ಹಾಕ್ಕೋತಿದ್ದೆ, ಅಷ್ಟೇ."

ಆರು ಗಂಟೆಗೆ ಬಂಧನವಾಯಿತು. ಜೀಪಿನ ಬಳಿ ಅಕ್ಕ ನಿಂತಿದ್ದರು.

"ಕೇಳಿದ್ರೆ ಕೊಡ್ತಿದ್ದೆನಲ್ಲೇ!"

"ಕೇಳಿದ್ದೆ ಕಣಕ್ಕ. 'ಚಿತ್ರ ಚೆನ್ನಾಗೇ ಇದೆಯಲ್ಲ' ಅಂದೆ ನೀನು."

ಕಲಾವಿದೆಗೆ ವಸ್ತುಸಂಗ್ರಹಾಲಯದ ಕೆಲಸ ಸಿಕ್ಕಿತು. ನ್ಯಾಯಾಲಯದ ಅನುಮತಿಯ ಮೇಲೆ ಸರ ಅಕ್ಕನಿಗೆ ಮರಳಿತು. ಚಿತ್ರ ಸಾಕ್ಷ್ಯವಾಗಿ ಠಾಣೆಯ ಬೀರು ಸೇರಿತು. ತಂಗಿಗೆ ಅದೂ ಇಲ್ಲವಾಯಿತು.