ಹತ್ತು ಗಂಟೆಯ ನಂತರದ ಕೈಗಳು

"ಬಿಡ್ರಿ ನನ್ನ ಕೈ!"

ವಾಣಿಶ್ರೀ ಮುಂಗೈ ಎಳೆದುಕೊಂಡಳು. ಬೆಳಗಿನ ಏಳೂವರೆ. ಕುಷ್ಟಗಿ ರಸ್ತೆಯ ಬೀಜ ಕಂಪನಿಯ ಬಲೆಮನೆಯಲ್ಲಿ, ಡೊಣ್ಣಮೆಣಸಿನ ಗಿಡಗಳ ನಡುವೆ, ಹೂವಿಗೆ ಪರಾಗ ಮುಟ್ಟಿಸುವ ಅವಳ ಚಿಮಟ ಮೂರನೇ ಸಲ ನೆಲಕ್ಕೆ ಬಿದ್ದಿತ್ತು. ಎತ್ತಿಕೊಡಲು ಬಗ್ಗಿದವನು ನೋಡಿದ್ದು ಚಿಮಟವನ್ನಲ್ಲ, ಅವಳ ಊದಿದ ಬೆರಳ ಗಿಣ್ಣುಗಳನ್ನು.

"ಎಷ್ಟು ದಿನದಿಂದ ಹಿಂಗೈತ್ರಿ?"

"ಏನೂ ಆಗಿಲ್ಲ. ನೀವ್ಯಾರು ಕೇಳಾಕ?"

"ಕೊಟ್ರೇಶ. ಹಿಟ್ನಾಳದಾಂವ. ಇಲ್ಲಿ ಆರೋಗ್ಯ ಕೋಣಿಗೆ ಹೊಸದಾಗಿ ಬಂದ ನರ್ಸ್."

ಪಕ್ಕದ ಸಾಲಿನಿಂದ ಶಹನಾಜಬೇಗಂ ನಕ್ಕಳು. "ಗಂಡ್ಸೂ ನರ್ಸಾಗ್ತಾರೇನ್ರಿ? ಹಂಗಾದ್ರ ನಮ್ಮನಿಯವರಿಗೆ ಮೊದ್ಲು ಅಡಗಿ ಕಲಿಸ್ರಿ!"

ಎಲ್ಲರೂ ನಕ್ಕರು. ವಾಣಿಶ್ರೀ ನಗಲಿಲ್ಲ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮೂರು ವರ್ಷದ ಗುಟ್ಟದು. ಕೊಪ್ಪಳದ ದವಾಖಾನೆಯಲ್ಲಿ ಸಂಧಿವಾತ ಎಂದಿದ್ದರು. ಮಾತ್ರೆ ಜೀವನಪೂರ್ತಿ. ಬೆಳಗ್ಗೆ ಎದ್ದರೆ ಬೆರಳುಗಳು ಮಡಚುತ್ತಲೇ ಇರಲಿಲ್ಲ. ಜಡೆ ಹೆಣೆಯಲಾಗದೆ ಕೂದಲು ಗಂಟು ಹಾಕಿಕೊಂಡು ಬರುತ್ತಿದ್ದಳು. ಹತ್ತು ದಾಟಿ ಬಿಸಿಲೇರಿದರೆ ಮಾತ್ರ ಅವೇ ಬೆರಳು ಮತ್ತೆ ಅವಳ ಮಾತು ಕೇಳುತ್ತಿದ್ದವು.

ಆದರೆ ಕಂಪನಿಯವರಿಗೆ ಹೇಳುವುದು ಹೇಗೆ? ಹೋದ ವರ್ಷ ಬೆನ್ನುನೋವು ಎಂದ ಮುದಕಮ್ಮನಿಗೆ ಮರುದಿನ ಗೇಟಿನಲ್ಲೇ, "ನಾಳಿಂದ ಬರಬ್ಯಾಡ" ಎಂದಿದ್ದರು!

ಹೂವಿಗೆ ಎಷ್ಟು ಬಿಸಿಲು, ಎಷ್ಟು ನೆರಳು ಬೇಕೆಂದು ಅಳೆಯಲು ಆ ಬಲೆಮನೆಯಲ್ಲಿ ನಾಲ್ಕು ಯಂತ್ರಗಳಿದ್ದವು. ಆ ಹೂವನ್ನು ಕಾಯಿ ಮಾಡುವ ಕೈಗೆ ಏನು ಬೇಕೆಂದು ಕೇಳುವ ಒಂದು ಬಾಯಿಯೂ ಇರಲಿಲ್ಲ.

ಕೊಟ್ರೇಶ ಕೇಳಿದ. ಒತ್ತಾಯವಿಲ್ಲದೆ, ದಿನವೂ. ಅವಳ ಸಾಲಿನ ತುದಿಯಲ್ಲಿ ಬಿಸಿನೀರಿನ ಬೋಗುಣಿ ಇಟ್ಟು ಹೋಗುತ್ತಿದ್ದ. ಹದಿನೈದನೇ ದಿನ ಅವಳೇ ಆರೋಗ್ಯ ಕೋಣೆಗೆ ಹೋಗಿ ದವಾಖಾನೆಯ ಕಾಗದಗಳನ್ನು ಮೇಜಿನ ಮೇಲಿಟ್ಟಳು.

"ಕೆಲಸ ಹೋಗತೈತೇನ್ರಿ?"

"ಯಾಕ ಹೋಗಬೇಕು? ಕೆಲಸದ ಹೊತ್ತು ಬದಲಿ ಮಾಡಬೇಕು. ಅದು ಅವರು ಹಾಕೋ ಭಿಕ್ಷಾ ಅಲ್ಲ, ನಿಮ್ಮ ಹಕ್ಕು." ಅವನು ದನಿ ತಗ್ಗಿಸಿದ. "ನೀವು ಹೂಂ ಅಂದ್ರ ಮಾತ್ರ ಬರೀತೀನಿ."

'ನನ್ನ ನೋವಿಗೂ ಒಬ್ಬರು ಒಪ್ಪಿಗೆ ಕೇಳ್ತಾರಾ...' ಅವಳು ಕಾಗದಗಳನ್ನು ಅವನತ್ತ ಸರಿಸಿದಳು.

"ಬರೀರಿ."

ಅವನು ಕಾಗದಗಳನ್ನು ಕಿಸೆಗಿಟ್ಟುಕೊಂಡು ಬರೆದ: 'ಬದಲಾವಣೆ ಮಾಡಿಕೊಟ್ಟರೆ ಕೆಲಸಕ್ಕೆ ಯೋಗ್ಯ. ಬೆಳಗ್ಗೆ ಹತ್ತರಿಂದ ಸಂಜೆ ಆರು.'

ಒಂದು ಮಾತನ್ನು ಮಾತ್ರ ಅವಳು ಹೇಳಿರಲಿಲ್ಲ.

ಪರಾಗ ಮುಟ್ಟಿಸಿದ ಪ್ರತಿ ಹೂವಿನ ತೊಟ್ಟಿಗೂ ಕೆಲಸದವಳು ತನ್ನ ಬಣ್ಣದ ಉಣ್ಣೆದಾರ ಕಟ್ಟಬೇಕು; ಯಾರ ಕೆಲಸ ಎಷ್ಟೆಂಬುದಕ್ಕೆ ಅದೇ ಲೆಕ್ಕ. ಶಹನಾಜಬೇಗಂಳದು ಹಸಿರು, ವಾಣಿಶ್ರೀಯದು ಕೆಂಪು. ಮೂರು ವರ್ಷದಿಂದ ಬೆಳಗಿನ ಹೊತ್ತು ಗೆಳತಿಯರೆಲ್ಲ ತಮ್ಮ ಹೂವುಗಳಲ್ಲಿ ಒಂದಿಷ್ಟಕ್ಕೆ ಕದ್ದು ಕೆಂಪು ದಾರ ಕಟ್ಟುತ್ತಿದ್ದರು. ಅವಳ ಕೆಲಸ ಉಳಿಯಲೆಂದು!

ಆ ಪ್ರೀತಿಯೇ ಈಗ ಉರುಳಾಯಿತು.

ಚೀಟಿ ಓದಿದ ಮ್ಯಾನೇಜರ್ ಅವಳನ್ನೂ ಕೊಟ್ರೇಶನನ್ನೂ ಸಾಲಿನ ಮುಂದೆ ನಿಲ್ಲಿಸಿದರು. "ನೋಡ್ರಿ, ಎಲ್ಲಾ ಕಡೆ ಕೆಂಪು ದಾರ. ಎಲ್ಲರಿಗಿಂತ ಹೆಚ್ಚು! ಈಕಿಗೆ ಬೆರಳು ಬರಂಗಿಲ್ಲಂತ. ಈ ಚೀಟಿ ಸುಳ್ಳೋ, ಈ ದಾರ ಸುಳ್ಳೋ?"

ಕೊಟ್ರೇಶ ಬೆಚ್ಚಿ ಅವಳತ್ತ ನೋಡಿದ. ದಾರದ ವಿಷಯ ಅವನಿಗೆ ಗೊತ್ತಿರಲಿಲ್ಲ.

ದಾರ ಸುಳ್ಳೆಂದರೆ ಅದನ್ನು ಕಟ್ಟಿಕೊಟ್ಟ ಹನ್ನೊಂದು ಹೆಂಗಸರು ಗೇಟಿನ ಹೊರಗೆ. ಶಹನಾಜಬೇಗಂಳ ಮುಖ ಬಿಳಿಚಿತ್ತು.

"ಚೀಟಿ... ಸುಳ್ರಿ," ಎಂದಳು ವಾಣಿಶ್ರೀ. "ನನಗ ಯಾವ ಜಡ್ಡೂ ಇಲ್ಲ."

ಕೊಟ್ರೇಶ ಒಂದು ಮಾತೂ ಆಡಲಿಲ್ಲ. ತಿರುಗಿ ಹೊರಟುಹೋದ.

'ನನ್ನ ಕಂಡ್ರ ಹೇಸಿಗಿ ಆಗಿರಬೇಕು...' ಅಂದು ಅವಳ ಕಣ್ಣು ಮಂಜಾಗಿ ಹೂವು ಯಾವುದು, ಎಲೆ ಯಾವುದು ಕಾಣಲಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಶಹನಾಜಬೇಗಂ ಪಕ್ಕಕ್ಕೆ ಬಂದು ಕುಳಿತಳು. "ಬೇಟಿ, ಆ ಹುಡುಗನ್ನ ಕೆಲಸದಿಂದ ತೆಗದ್ರು. ಸುಳ್ಳು ಚೀಟಿ ಬರದಾನಂತ."

"ನನ್ನ ದವಾಖಾನಿ ಕಾಗದ ಅವರ ಕಿಸೆದಾಗ ಇದ್ದುವಲ್ಲ! ತೋರಸಬಹುದಿತ್ತು..."

"ಆಮ್ಯಾಲೆ ಆಫೀಸಿನ್ಯಾಗ ತೋರಸು ಅಂದ್ರಂತ. 'ಅವು ಆಕಿ ಕಾಗದ. ಆಕಿ ಹೂಂ ಅನ್ನದ ತೋರಸಂಗಿಲ್ಲ' ಅಂದ್ನಂತ, ಹುಚ್ಚ!"

ಅವಳು ಹತ್ತಬೇಕಾದ ಯಲಬುರ್ಗಾ ಬಸ್ಸು ಬಂತು, ಹೋಯಿತು. ವಾಣಿಶ್ರೀ ಎದ್ದೇಳಲಿಲ್ಲ. ಅವನ ಮೌನವನ್ನು ತಿರಸ್ಕಾರವೆಂದುಕೊಂಡಿದ್ದಳಲ್ಲ! ಅವನು ಬಾಯಿ ಮುಚ್ಚಿದ್ದು ಅವಳ ಗುಟ್ಟು ಕಾಯಲು.

"ಅಕ್ಕಾ, ನಾಳೆ ಖರೇ ಹೇಳ್ತೀನಿ. ನಿಮ್ಮೆಲ್ಲರ ಕೆಲಸಾನೂ ಹೋಗಬಹುದು."

ಶಹನಾಜಬೇಗಂ ಅವಳ ಹತ್ತಿರ ಸರಿದಳು. "ನನಗೂ ಸಕ್ಕರಿ ಜಡ್ಡು ಐತಿ. ನಾಕು ವರ್ಷಾತು ಮುಚ್ಚಿಟ್ಟು. ಹೇಳವಾ. ಹೇಳಿಬಿಡು."

ಮರುದಿನ ಏಳು ಗಂಟೆ. ಶಹನಾಜಬೇಗಂ ಕರೆ ಕಳಿಸಿದ್ದರಿಂದ ಕೊಟ್ರೇಶನೂ ಬಂದು ದೂರ ನಿಂತಿದ್ದ.

"ಸಾಹೇಬ್ರ, ನಾನು ನಿನ್ನೆ ಸುಳ್ಳು ಹೇಳಿದೆ. ಚೀಟಿ ಖರೇ, ಮುಂಜಾನಿ ಕೆಂಪು ದಾರ ಇವರು ಕಟ್ಟಿದ್ದು. ಈಗ ನೋಡ್ರಿ."

ಚಿಮಟ ಹಿಡಿದಳು. ಬೆರಳು ಮಡಚಲಿಲ್ಲ. ಹೂವಿನ ತೊಟ್ಟು ಮುರಿದು ಬಿತ್ತು. ಇನ್ನೊಂದು. ಅದೂ ಬಿತ್ತು. ದಾರ ಬೆರಳಿಗೆ ಸುತ್ತಿಕೊಂಡಿತೇ ಹೊರತು ಗಂಟಾಗಲಿಲ್ಲ. ಹನ್ನೊಂದು ಹೆಂಗಸರೆದುರು ಅವಳು ಆ ಕೈ ಎತ್ತಿ ಹಿಡಿದಳು. ಅವಳು ಅದನ್ನು ಸೆರಗಿನಲ್ಲಿ ಮುಚ್ಚಲಿಲ್ಲ.

"ಹತ್ತರ ಮ್ಯಾಲೆ ಇದ ಕೈ ನೋಡ್ರಿ. ಅಲ್ಲೀತನಕ ಕಾಯ್ರಿ."

"ಕಾಯಾಕ ಇದೇನು ಧರ್ಮಛತ್ರ? ಹೊರಗ ನಡಿ!"

ಶಹನಾಜಬೇಗಂ ತನ್ನ ಚಿಮಟ ನೆಲಕ್ಕಿಟ್ಟಳು. ಮತ್ತೊಬ್ಬಳು ಇಟ್ಟಳು. ಹನ್ನೊಂದು ಚಿಮಟಗಳು. ಹೆಂಗಸರು ಅಲ್ಲೇ ಕುಳಿತರು.

"ಹಂಗಾದ್ರ ಎಲ್ಲಾರೂ ಹೋಗ್ತೀವಿ. ಇವತ್ತಿನ ಹೂವು ನಾಳಿತನಕ ನಿಲ್ಲಂಗಿಲ್ಲ ಸಾಹೇಬ್ರ, ನಿಮಗ ಗೊತ್ತೈತಿ," ಎಂದಳು ಶಹನಾಜಬೇಗಂ.

ಎಂಟಾಯಿತು. ಒಂಬತ್ತಾಯಿತು. ಮ್ಯಾನೇಜರ್ ಫೋನಿನಲ್ಲಿ ಬೆವರುತ್ತ ಅಡ್ಡಾಡಿದರು. ಹೂವುಗಳು ಕಾಯಲು ಒಪ್ಪಲಿಲ್ಲ. ಹೆಂಗಸರು ಏಳಲು ಒಪ್ಪಲಿಲ್ಲ.

ಹತ್ತೂಕಾಲಿಗೆ ವಾಣಿಶ್ರೀ ಚಿಮಟ ಎತ್ತಿಕೊಂಡಳು. ಒಂದು ಹೂವು, ಒಂದು ಕೆಂಪು ಗಂಟು. ಇನ್ನೊಂದು. ಮತ್ತೊಂದು. ಎಲ್ಲರೂ ಹತ್ತಿರ ಬಂದು ನೋಡಿದರು.

ಮ್ಯಾನೇಜರ್ ಕೊಟ್ರೇಶನ ಚೀಟಿಯ ಕೆಳಗೆ ಸಹಿ ಮಾಡಿದರು. ಮನಸ್ಸು ಕರಗಿ ಅಲ್ಲ, ಹೂವು ಬಾಡುತ್ತದೆಂದು. ಇರಲಿ, ಸಹಿ ಸಹಿಯೇ! ಶಹನಾಜಬೇಗಂ ಅಲ್ಲೇ ನಿಂತು, ಸಕ್ಕರೆ ಜಡ್ಡಿದ್ದವರ ಊಟದ ಹೊತ್ತು ತಪ್ಪಿಸಬಾರದು, ಕೊಟ್ರೇಶನನ್ನು ಮತ್ತೆ ತೆಗೆದುಕೊಳ್ಳಬೇಕು ಎಂದೂ ಬರೆಸಿಕೊಂಡಳು.

ಸಂಜೆ ಆರೋಗ್ಯ ಕೋಣೆಯಲ್ಲಿ ಅವನು ಅವಳ ಕಾಗದಗಳನ್ನು ಹಿಂದಕ್ಕೆ ಕೊಟ್ಟ.

"ದಾರದ ಮಾತು ನನಗ ಹೇಳಬೇಕಿತ್ತು..."

"ಅಂಜಿಕಿ ಬಂತು. ನೀವು ನನ್ನ ಕಳ್ಳಿ ಅಂದ್ಕೊಂಡ್ರ...?"

"ನಿನ್ನೆ ಸಿಟ್ಟು ಬಂದಿತ್ತು. ಇವತ್ತು ಮುಂಜಾನಿ ಆ ಕೈ ಎಲ್ಲರ ಮುಂದ ಎತ್ತಿ ಹಿಡಿದ್ರಲ್ಲ..." ಅವನು ಮೇಜಿನ ಈಚೆ ಬಂದ. "ವಾಣಿಶ್ರೀ, ಈ ಕೈ ನಾನು ಹಿಡೀಬಹುದಾ? ಜೀವನಪೂರ್ತಿ?"

"ಜಡ್ಡೂ ಜೀವನಪೂರ್ತಿ ಐತ್ರಿ." ಅವಳ ಕಣ್ಣು ತುಂಬಿದವು. "ನನಗ ಏನಂತ ಚೀಟಿ ಬರೀತೀರಿ?"

"ಅದ ಚೀಟಿ. ಬದಲಾವಣಿ ಮಾಡಿಕೊಟ್ರ ಯೋಗ್ಯ."

"ಬದಲಾಗಬೇಕಾದಾಕಿ ನಾನಾ?"

"ಅಲ್ಲ, ನಾನು. ಹತ್ತರತನಕ ಚಾ ನಂದು. ಜಡಿ ಹೆಣಿಯೂದು ಕಲೀತೀನಿ."

"ಸೊಟ್ಟ ಹೆಣದ್ರ?"

"ಹತ್ತರ ಮ್ಯಾಲೆ ಬಿಚ್ಚಿ ನೀವ ಹಾಕ್ಕೋರಿ."

ಅವಳು ಕೈ ಚಾಚಿದಳು. "ಬಿಚ್ಚಂಗಿಲ್ಲ," ಎಂದಳು ಮೆಲ್ಲಗೆ.