ಗೂಟಕ್ಕೆ ತೂಗಿದ ಚೌರಿ

ನಂಬಿ ಅಂತ ನಾನು ಯಾರಿಗೂ ಗಂಟುಬೀಳುವುದಿಲ್ಲ. ಮೂವತ್ತೈದನೇ ಇಸವಿ, ಬನವಾಸಿಯ ನಮ್ಮ ಮನೆಯಲ್ಲೇ ನಡೆದದ್ದು.

ವಿಷಮಜ್ವರ ಬಿಟ್ಟ ಮೇಲೆ ನನ್ನ ಕೂದಲು ಮುಷ್ಟಿಗಟ್ಟಲೆ ಉದುರಿ ತಲೆ ಬೋಳಾಯಿತು. ಗಂಡ ಇದ್ದೂ ಬೋಳುತಲೆ ಅಂತಾರೆಂದು ನಾನು ಸೆರಗು ಇಳಿಸುತ್ತಲೇ ಇರಲಿಲ್ಲ.

"ದಿನಾ ಹಣಿಗೆಗೆ ನಾಕು ಎಳಿ ಬಂದ್ರ ಯಾರೂ ಅಂಜೂದಿಲ್ಲ. ನಿಂದು ಜ್ವರದ ಉದುರು, ತಿರುಗಿ ಬರ್ತಾವ ತಗೋ," ಅಂದರು ಅತ್ತೆ ಮುರಿಗೆವ್ವ. ಉದುರಿದ್ದನ್ನೆಲ್ಲ ಕೂಡಿಟ್ಟು, ಮುಂದೆ ಜಡೆಗೆ ಸೇರಿಸಲು ಬರಲಿ ಅಂತ ಅವರೇ ಚೌರಿ ಕಟ್ಟಿಕೊಟ್ಟರು. ಅದನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದೆ.

ಆಮೇಲೆ ಗೂಟದ ಕೆಳಗೆ ಕೂದಲು ಬೀಳತೊಡಗಿತು. ಎಷ್ಟು ಗುಡಿಸಿದರೂ ಮರುದಿನ ಮತ್ತೆ ನಾಲ್ಕು ಎಳೆ, ಯಾರ ತಲೆಯಿಂದಲೂ ಉದುರುವಷ್ಟೇ. ಚೌರಿಗೆ ಬೆವರಿದ ನೆತ್ತಿಯ ವಾಸನೆ ಬೇರೆ.

"ಗಂಟು ಸಡಲ ಆಗಿರಬೇಕು," ಅಂತ ಅತ್ತೆ ಒಂದು ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹಣಿಗೆ ಎಳೆದರು. ಎಳೆದವರೇ ತಟ್ಟನೆ ಕೈ ಹಿಂದಕ್ಕೆ ತೆಗೆದರು.

"ಮುಟ್ಟಿ ನೋಡ, ಸಿದ್ದವ್ವ."

ಪುಷ್ಯದ ಚಳಿ. ನನ್ನ ಬೆರಳು ಮರಗಟ್ಟಿದ್ದವು. ಚೌರಿ ಮಾತ್ರ ನಿದ್ದೆಹೋದ ಕೂಸಿನ ನೆತ್ತಿಯಂತೆ ಬೆಚ್ಚಗಿತ್ತು.

ಹಣಿಗೆಯ ಹಲ್ಲಿನಲ್ಲಿ ಒಂದು ದಪ್ಪ ಹೇನು ಹರಿದಾಡುತ್ತಿತ್ತು. ಅತ್ತೆಗೆ ತಾವೇನು ಮಾಡುತ್ತಿದ್ದೇವೆಂಬ ಎಚ್ಚರವಿರಲಿಲ್ಲ. ಕೈರೂಢಿ, ಎರಡು ಹೆಬ್ಬೆರಳ ಉಗುರ ನಡುವೆ ಇಟ್ಟು ಚಟ್ಟನೆ ಕುಕ್ಕಿಬಿಟ್ಟರು.

ನಾನು ಸೆರಗು ಇಳಿಸಿ ನನ್ನ ತಲೆ ತಡವಿಕೊಂಡೆ. ಒಂದು ಎಳೆಯೂ ಇರಲಿಲ್ಲ.

ಅತ್ತೆಯ ಉಗುರಿನ ಮೇಲೆ ರಕ್ತವಿತ್ತು, ಹಸಿಹಸಿ, ಈಗಷ್ಟೇ ಕುಡಿದದ್ದು.